ಎಲೆ ಗಾಡಿಯ ಬ್ರೇಕು

ಪುಣೆ
೯ ಜೂನ್ ೧೯೮೬

ಶ್ರೀ ನಾಗಪ್ಪನವರಿಗೆ ನಮಸ್ಕಾರ.

ನಾನು ಸವಣೂರಿನ ಕೃಷ್ಣಾಬಾಯಿಯವರ ಮಗ ಜಯತೀರ್ಥ. ಎಂಟು ವರ್ಷಗಳ ಹಿಂದೆ ನಮ್ಮ ತಾಯಿಗೆ ಹೊಟ್ಟೆಯ ಆಪರೇಶನ್ ಆಗಿತ್ತು. ಅವಳನ್ನು ಕರೆದುಕೊಂಡು ಯಲವಿಗಿ ಸ್ಟೇಶನ್ನಿನಲ್ಲಿ ಇಳಿದಾಗ ಸವಣೂರಿನ ಬಸ್ಸು ಹೋಗಿಬಿಟ್ಟಿತ್ತು. ವೀಳ್ಯದೆಲೆಯ ಬುಟ್ಟಿ ಇಳಿಸಿ ಖಾಲಿ ಹೊರಟಿದ್ದ ನೀವು ಟೆಂಪೊದಲ್ಲಿ ಗೋಣಿಚೀಲ ಹಾಸಿ ಅವಳನ್ನು ಮಲಗಿಸಿಕೊಂಡು ಬಂದಿರಿ. ಹೊಲಿಗೆ ಇನ್ನೂ ಹಸಿಯಾಗಿತ್ತು. ಮನೆಯ ಮುಂದೆ ಅವಳು ಕೇಳಿದ ಮಾತು ನನಗೆ ನೆನಪಿದೆ: “ಯಾಕೋ, ಇನ್ನೂ ಎಷ್ಟು ದೂರ ಅದ?” ಗಾಡಿ ನಿಂತು ಆಗಲೇ ಒಂದು ನಿಮಿಷವಾಗಿತ್ತು.

ಈಗ ನಾನು ಇಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. ಡೀಸೆಲ್ ಇಲ್ಲದೆ ಬ್ಯಾಟರಿಯ ಮೇಲೆ ಓಡುವ ವ್ಯಾನು ಮಾಡುತ್ತಿದ್ದೇವೆ. ರೋಗಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಒಯ್ಯಲು ಒಂದು ಆಸ್ಪತ್ರೆಯವರು ಕೇಳಿದ್ದಾರೆ. ಓಡುವುದಂತೂ ಸರಿಯಾಗಿ ಓಡುತ್ತದೆ. ನಿಲ್ಲುವಾಗ ಮಾತ್ರ ಕುಲುಕುತ್ತದೆ. ಅದನ್ನು ಸರಿಮಾಡುವ ಕೆಲಸ ನನಗೆ ಬಂದಿದೆ. ಮೊದಲ ದಿನ ನನಗೆ ನೆನಪಾದದ್ದು ಪುಸ್ತಕಗಳಲ್ಲ, ನೀವು.

ನೀವು ಬ್ರೇಕು ಹೇಗೆ ಹಾಕುತ್ತೀರಿ? ನಿಮ್ಮ ಮಾತಿನಲ್ಲಿಯೇ ಹೇಳಿ, ಯಾರಿಂದಲಾದರೂ ಬರೆಸಿ ಕಳಿಸುವಿರಾ?

ನಿಮ್ಮ ಉಪಕಾರ ಮರೆಯದ,
ಜಯತೀರ್ಥ

•

ಸವಣೂರು
೨೩ ಜೂನ್ ೧೯೮೬

ಜಯತೀರ್ಥ ಸಾಹೇಬರಿಗೆ ನಮಸ್ಕಾರಗಳು.

ಇದನ್ನು ಬರೆಯುವವಳು ನಾಗಪ್ಪನವರ ಮಗಳು ಸಾವಂತ್ರವ್ವ. ಅಪ್ಪನಿಗೆ ಓದುಬರಹ ಬರುವುದಿಲ್ಲ. ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದಬೇಕು. ತೋಟದಲ್ಲಿ ಎಲೆಯ ಕಟ್ಟು ಕಟ್ಟುವುದು, ಆಮೇಲೆ ಟೆಂಪೊದ ಹಿಂಭಾಗದಲ್ಲಿ ಬುಟ್ಟಿಗಳನ್ನು ಹಿಡಿದುಕೊಂಡು ಯಲವಿಗಿಯವರೆಗೆ ಕೂಡುವುದು ನನ್ನ ಕೆಲಸ. ಹತ್ತು ವರ್ಷದವಳಿದ್ದಾಗಿನಿಂದ ಕೂಡುತ್ತಿದ್ದೇನೆ. ಈಗ ಇಪ್ಪತ್ತಾಯಿತು.

ನಿಮ್ಮ ಪತ್ರವನ್ನು ಅಪ್ಪನಿಗೆ ಎರಡು ಸಲ ಓದಿದೆ. “ಕೃಷ್ಣಾಬಾಯಾರ ಮಗಾ ಏನು? ಭಾಳ ಉದ್ದ ಆಗಿದ್ದ ಹುಡುಗ” ಎಂದ. ಆಮೇಲೆ ನಕ್ಕ. “ಬ್ರೇಕ್ ಹೆಂಗ ಹಾಕ್ತಾರ? ಕಾಲ್ಲೆ ಹಾಕ್ತಾರ. ಬರಿ.” ಅವ್ವ ಒಳಗಿನಿಂದ ಹೇಳಿದಳು: “ಮೂವತ್ತ ವರ್ಷಾತು ನಾ ಹೇಳಾಕತ್ತು. ನನ್ನ ಮಾತು ಬರಕೊಳ್ಳಾಕ ಪುಣೇದಿಂದ ಒಬ್ರೂ ಬರಲಿಲ್ಲ.”

ಅಪ್ಪ ಕೇಳುತ್ತಾನೆ, ಪುಣೆಯಲ್ಲಿ ಲೆಕ್ಕ ಬಲ್ಲವರು ಬಹಳ ಮಂದಿ ಇರುವಾಗ ತಾನೇ ಯಾಕೆ ಬೇಕು ಎಂದು. ನಮ್ಮಲ್ಲಿ ಬ್ರೇಕನ್ನು ಅಳೆಯುವುದು ಎಲೆ. ಬ್ರೇಕು ಗಟ್ಟಿಯಾದರೆ ಬುಟ್ಟಿಗೆ ಬುಟ್ಟಿ ಒತ್ತುತ್ತದೆ. ಒತ್ತಿದ ಎಲೆ ಮಾರನೆಯ ದಿನ ಕಪ್ಪಾಗುತ್ತದೆ. ಸ್ಟೇಶನ್ನಿನಲ್ಲಿ ದಲಾಲ ಹುಸೇನಸಾಬರು ಪ್ರತಿ ಬುಟ್ಟಿಯ ಬಾಯಿ ಬಿಚ್ಚಿ ನೋಡುತ್ತಾರೆ. ಅಪ್ಪನ ಗಾಡಿಯ ಬುಟ್ಟಿಗಳಲ್ಲಿ ಮಾತ್ರ ಎರಡನ್ನೇ ಬಿಚ್ಚಿ ಸುಮ್ಮನಾಗುತ್ತಾರೆ.

ಇದಕ್ಕಿಂತ ಹೆಚ್ಚಿಗೆ ಏನು ಬರೆಯಬೇಕೋ ತಿಳಿಯಲಿಲ್ಲ.

ಇಂತಿ,
ಸಾವಂತ್ರವ್ವ (ಅಪ್ಪನ ಪರವಾಗಿ)

•

ಪುಣೆ
೫ ಜುಲೈ ೧೯೮೬

ನಾಗಪ್ಪನವರಿಗೂ ಬರೆದುಕೊಟ್ಟ ಸಾವಂತ್ರವ್ವನಿಗೂ ನಮಸ್ಕಾರ.

ನೀವೇ ಯಾಕೆ ಬೇಕೆಂದು ಹೇಳುತ್ತೇನೆ. ನಮ್ಮ ವ್ಯಾನಿಗೆ ಎರಡು ಬ್ರೇಕುಗಳಿವೆ. ಒಂದು ನಿಮ್ಮ ಟೆಂಪೊದಲ್ಲಿ ಇರುವಂಥದ್ದೇ, ಗಾಲಿಯನ್ನು ಹಿಡಿಯುತ್ತದೆ. ಇನ್ನೊಂದು ಮೋಟಾರಿನದೇ. ಚಾಲಕ ಪೆಡಲ್ ಒತ್ತಿದಾಗ ಮೋಟಾರು ಗಾಡಿಯನ್ನು ಎಳೆಯುವ ಬದಲು ತಡೆಯುತ್ತದೆ, ಹಾಗೆ ತಡೆಯುವಾಗ ಹುಟ್ಟುವ ಕರೆಂಟು ಬ್ಯಾಟರಿಗೆ ಮರಳುತ್ತದೆ. ಯಾವ ಬ್ರೇಕಿಗೆ ಯಾವಾಗ ಎಷ್ಟು ಕೆಲಸ ಕೊಡಬೇಕು ಎಂಬುದನ್ನು ಒಂದು ಸಣ್ಣ ಯಂತ್ರ ನಿರ್ಧರಿಸುತ್ತದೆ. ಆ ಯಂತ್ರಕ್ಕೆ ನಾವು ಮೊದಲು ಕಲಿಸಿದ್ದು ಗೆರೆ ಹಾಕಿದ ಲೆಕ್ಕ. ವೇಗ ಮೂವತ್ತಿದ್ದರೆ ಜೋರು, ಇಪ್ಪತ್ತೊಂಬತ್ತಿದ್ದರೆ ಜೋರಲ್ಲ. ಗಾಡಿ ಆ ಗೆರೆ ದಾಟಿದಾಗಲೆಲ್ಲ ಮುಗ್ಗರಿಸುತ್ತದೆ.

ಈಗ ಹೊಸದೊಂದು ಲೆಕ್ಕದ ವಿಧಾನ ಬಂದಿದೆ. ಫಜಿ ಲಾಜಿಕ್ ಎನ್ನುತ್ತಾರೆ. ಕನ್ನಡದಲ್ಲಿ ಏನನ್ನುತ್ತಾರೋ ನನಗೆ ಗೊತ್ತಿಲ್ಲ, ಮಸುಕು ಲೆಕ್ಕ ಎಂದು ನಾನೇ ಕರೆದುಕೊಂಡಿದ್ದೇನೆ. ಎಲೆ ಹಣ್ಣಾಗಿದೆಯೋ ಇಲ್ಲವೋ ಎಂದರೆ ನೀವು ‘ಅರ್ಧ ಹಣ್ಣಾಗಿದೆ’ ಎನ್ನುತ್ತೀರಲ್ಲ, ಹಾಗೆ. ಈ ಲೆಕ್ಕದಲ್ಲಿ ಒಂದೇ ವೇಗ ಒಂದಷ್ಟು ಜೋರೂ ಇರಬಹುದು, ಒಂದಷ್ಟು ಸಾವಕಾಶವೂ ಇರಬಹುದು. ಇದಕ್ಕೆ ಬೇಕಾದದ್ದು ಅಂಕಿಯಲ್ಲ, ಬಲ್ಲವರ ಮಾತು. ‘ಹೀಗಿದ್ದರೆ ಹೀಗೆ ಮಾಡಬೇಕು’ ಎಂದು ನೀವು ಹೇಳಿದರೆ ಯಂತ್ರ ಅದನ್ನೇ ಕಲಿಯುತ್ತದೆ.

ನನ್ನನ್ನು ಸಾಹೇಬ ಎನ್ನಬೇಡಿ.

ಜಯತೀರ್ಥ

•

ಸವಣೂರು
೨ ಆಗಸ್ಟ್ ೧೯೮೬

ಜಯತೀರ್ಥ ಅವರಿಗೆ,

ತಡವಾಯಿತು. ಅಪ್ಪ ಕುಳಿತು ಹೇಳುವವನಲ್ಲ. ಗಾಡಿ ತೊಳೆಯುವಾಗ, ಊಟಕ್ಕೆ ಕುಳಿತಾಗ ಹೇಳಿದ್ದನ್ನೆಲ್ಲ ಕೂಡಿಸಿ ಬರೆದಿದ್ದೇನೆ. ಮಾತು ಅವನವೇ.

ಒಂದು. “ಗಾಡಿ ಜೋರೈತಿ, ಮುಂದಿಂದು ದೂರೈತಿ ಅಂದ್ರ ಕಾಲ ಪೆಡಲ್ ಮ್ಯಾಲ ಸುಮ್ನ ಇಡಬೇಕು. ಒತ್ತಬಾರದು.”

ಎರಡು. “ಜರಾ ಜೋರು, ಜರಾ ಹತ್ತರ ಅಂದ್ರ ತುಸು ಒತ್ತಬೇಕು.”

ಮೂರು. “ಬುಟ್ಟಿ ತುಂಬಿದ್ರ ಮೊದಲ ಹಿಡೀಬೇಕು, ಖಾಲಿ ಇದ್ರ ಆಮ್ಯಾಲ ಹಿಡದ್ರೂ ನಡೀತೈತಿ.”

ನಾಲ್ಕು. “ರಸ್ತೆ ಹಸಿ ಇದ್ರ ಒಮ್ಮೆಲೆ ಒತ್ತಬ್ಯಾಡ. ಒತ್ತಿ ಒತ್ತಿ ಬಿಡು.”

ಐದು. “ಗಾಡಿ ಪೂರಾ ನಿಂದ್ರೂಮಟ ಕಾಲ ಬಿಡಬಾರದು. ಇದು ನಮ್ಮ ಉಸ್ತಾದನ ಮಾತು. ಇದನ್ನ ದಪ್ಪಗ ಬರಿ.”

ಇಲ್ಲಿ ಶಾಯಿ ಬಿದ್ದದ್ದಕ್ಕೆ ಕ್ಷಮಿಸಬೇಕು. ಬೇರೆ ಹಾಳೆ ಇರಲಿಲ್ಲ.

ಜರಾ ಎಂದರೆ ಎಷ್ಟು ಎಂದು ನೀವು ಕೇಳಬಹುದು ಎಂದುಕೊಂಡು ನಾನೇ ಕೇಳಿದೆ. “ಜರಾ ಅಂದ್ರ ಜರಾ. ಅದಕ್ಕ ಮತ್ತೇನ ಅಂತಾರ?” ಎಂದ. ಹಾಗಾದರೆ ತುಸು ಎಂದರೆ? “ಜರಾಕ್ಕಿಂತ ಕಮ್ಮಿ.” ಹಾನಗಲ್ಲಿನ ದಾರಿಯಲ್ಲಿ ಒಂದು ಇಳಿಜಾರಿದೆ. ಅಲ್ಲಿ ಹೋದಾಗ ತೋರಿಸಿದ, ತುಸು ಎಂದರೆ ಕಾಲಿನ ಹೆಬ್ಬೆರಳಿನ ಭಾರ, ಜರಾ ಎಂದರೆ ಐದೂ ಬೆರಳಿನ ಭಾರ, ಜೋರು ಎಂದರೆ ಪಾದವೆಲ್ಲ.

ಇದು ನಿಮ್ಮ ಉಪಯೋಗಕ್ಕೆ ಬಂದರೆ ಸಂತೋಷ.

ಸಾವಂತ್ರವ್ವ

•

ಪುಣೆ
೧೦ ನವೆಂಬರ್ ೧೯೮೬

ನಾಗಪ್ಪನವರಿಗೆ ನಮಸ್ಕಾರ.

ಹೆಬ್ಬೆರಳು, ಐದು ಬೆರಳು, ಪಾದ. ನಮ್ಮ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಇನ್ನೊಂದು ಸಿಗಲಿಕ್ಕಿಲ್ಲ. ಮೂರು ತಿಂಗಳು ಕೂತು ನಿಮ್ಮ ಐದೂ ಮಾತುಗಳನ್ನು ಯಂತ್ರಕ್ಕೆ ಕಲಿಸಿದೆವು. ಓಡುತ್ತ ಓಡುತ್ತ ವೇಗ ಇಳಿಸುವಾಗ ಈಗ ಯಾವ ಮುಗ್ಗರಿಕೆಯೂ ಇಲ್ಲ.

ಆದರೆ ಮೊನ್ನೆ ಆಸ್ಪತ್ರೆಯ ಡಾಕ್ಟರರು ಪರೀಕ್ಷೆಗೆ ಬಂದಿದ್ದರು. ನಮ್ಮವನೊಬ್ಬನನ್ನು ವ್ಯಾನಿನಲ್ಲಿ ಮಲಗಿಸಿ ಪಕ್ಕದಲ್ಲಿ ನೀರು ತುಂಬಿದ ಗ್ಲಾಸು ಇಟ್ಟೆವು. ಕೊನೆಯವರೆಗೂ ನೀರು ಅಲುಗಲಿಲ್ಲ. ಗಾಡಿ ನಿಂತ ಗಳಿಗೆಯಲ್ಲಿ ಒಂದು ಹೊಡೆತ. ಗ್ಲಾಸು ಉರುಳಿತು, ಮಲಗಿದ್ದವನು ತಲೆಗೆ ಕೈ ಹಚ್ಚಿಕೊಂಡ. ಡಾಕ್ಟರರು ನೆಲದ ಮೇಲಿನ ನೀರನ್ನು ನೋಡಿ ಹೊರಗೆ ಹೋದರು.

ಜನವರಿ ಹದಿನೈದಕ್ಕೆ ಇನ್ನೊಂದು ಸಲ ಬರುತ್ತಾರೆ. ಆಗಲೂ ಹೀಗೇ ಆದರೆ ಈ ವ್ಯಾನಿನ ಕೆಲಸ ಮುಚ್ಚುತ್ತಾರೆ. ಮೂರು ವರ್ಷದ ಕೆಲಸ. ನಿಲ್ಲುವ ಗಳಿಗೆಯ ಬಗ್ಗೆ ನೀವು ಇನ್ನೇನಾದರೂ ಹೇಳಲು ಉಳಿದಿದೆಯೇ?

ಜಯತೀರ್ಥ

•

ಸವಣೂರು
೧೯ ನವೆಂಬರ್ ೧೯೮೬

ಜಯತೀರ್ಥ ಅವರಿಗೆ,

ಪತ್ರವನ್ನು ಓದಿ ಹೇಳಿದೆ. ಅಪ್ಪ, “ನಾ ಹೇಳಿದ್ದು ಬರೋಬರಿ ಐತಿ. ನೀ ಏನರ ತಪ್ಪ ಬರದಿ” ಎಂದ. ಇಲ್ಲಪ್ಪ ಎಂದೆ. “ನಾಕನೇತ್ತೆ ಕಲ್ತಾಕಿ ನೀ. ನಿನ್ನ ಕೈಲಿ ಬರಿಸಿದ್ದು ನಂದ ತಪ್ಪು” ಎಂದ. ಟೆಂಪೊ ಸ್ಟ್ಯಾಂಡಿನಲ್ಲಿಯೂ ಹಾಗೇ ಹೇಳಿದ್ದಾನೆ.

ನನ್ನ ಆಗಸ್ಟಿನ ಪತ್ರ ನಿಮ್ಮ ಬಳಿ ಇದ್ದರೆ ಮರಳಿ ಕಳಿಸಿ. ಎಲ್ಲಿ ತಪ್ಪಿದ್ದೇನೆಂದು ನೋಡಬೇಕು.

ಸಾವಂತ್ರವ್ವ

•

ಪುಣೆ
೨೭ ನವೆಂಬರ್ ೧೯೮೬

ಸಾವಂತ್ರವ್ವ ತಂಗಿಗೆ,

ಈ ಪತ್ರ ನಿಮ್ಮ ಹೆಸರಿಗೇ ಕಳಿಸುತ್ತಿದ್ದೇನೆ. ಜೊತೆಗೆ ನಿಮ್ಮ ಆಗಸ್ಟಿನ ಪತ್ರವಿದೆ. ಅದನ್ನು ನಾನು ನೂರು ಸಲ ಓದಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ತಂದೆ ಹೇಳಿದ್ದನ್ನು ನೀವು ಹಾಗೆಯೇ ಬರೆದಿದ್ದೀರಿ, ಇದು ಓದಿದವರಿಗೆ ಗೊತ್ತಾಗುತ್ತದೆ.

ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ನಾಲ್ಕು ಪುಟದಲ್ಲಿ ಒಂದೇ ಕಡೆ ಶಾಯಿ ಬಿದ್ದಿದೆ, ಐದನೆಯ ಮಾತಿನ ಹತ್ತಿರ. ಪೆನ್ನು ಒಂದೇ ಕಡೆ ಬಹಳ ಹೊತ್ತು ನಿಂತಾಗ ಹಾಗೆ ಬೀಳುತ್ತದೆ. ಅಲ್ಲಿ ಏನು ಯೋಚಿಸುತ್ತಿದ್ದಿರಿ?

ಜಯತೀರ್ಥ

•

ಸವಣೂರು
೧೫ ಡಿಸೆಂಬರ್ ೧೯೮೬

ಜಯತೀರ್ಥ ಅಣ್ಣನವರಿಗೆ,

ನನ್ನ ಹೆಸರಿಗೆ ಪತ್ರ ಬಂದದ್ದು ಇದೇ ಮೊದಲು. ಪೋಸ್ಟಿನವರು ಎರಡು ಸಲ ಹೆಸರು ಕೇಳಿ ಕೊಟ್ಟರು. ಈ ಪತ್ರ ಅಪ್ಪ ಹೇಳಿ ಬರೆಸಿದ್ದಲ್ಲ.

ಐದನೆಯ ಮಾತು ಬರೆಯುವಾಗ ಪೆನ್ನು ನಿಲ್ಲಿಸಿದ್ದು ನಿಜ. ಅಪ್ಪ ಗಾಡಿ ನಿಲ್ಲುವವರೆಗೆ ಕಾಲು ಬಿಡುವುದಿಲ್ಲ ಎಂದು ಹೇಳುತ್ತಾನೆ. ಆದರೆ ಬಿಡುತ್ತಾನೆ. ನಾನು ಬುಟ್ಟಿಗಳ ಮುಂದೆ, ಅವುಗಳ ಕಡೆ ಮುಖ ಮಾಡಿ ಕುಳಿತಿರುತ್ತೇನೆ. ಬ್ರೇಕು ಬಿದ್ದಾಗ ಬುಟ್ಟಿ ನನ್ನ ಎದೆಗೆ ಒರಗುತ್ತದೆ. ಗಾಡಿ ನಿಲ್ಲುವುದಕ್ಕೆ ಸ್ವಲ್ಪ ಮೊದಲು ಅದು ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ಆಮೇಲೆ ಗಾಡಿ ನಿಲ್ಲುತ್ತದೆ. ಹತ್ತು ವರ್ಷದಿಂದ ಹೀಗೆಯೇ ಆಗುತ್ತಿದೆ. ಕಾಲು ಸಡಿಲಾಗದೆ ಬುಟ್ಟಿ ಹಿಂದೆ ಹೋಗುವುದಿಲ್ಲ. ಇದು ನನಗೆ ಆಗಸ್ಟಿನಲ್ಲಿಯೇ ಗೊತ್ತಿತ್ತು. ನೀವು ಕೇಳಿದ್ದು ಅಪ್ಪನನ್ನು, ನನ್ನನ್ನಲ್ಲ ಎಂದುಕೊಂಡು ಅವನ ಮಾತನ್ನೇ ದಪ್ಪಗೆ ಬರೆದೆ.

ನಿಮ್ಮ ಪತ್ರ ಬಂದ ಮೇಲೆ ಅಪ್ಪನಿಗೆ ಹೇಳಿದೆ.

“ಅಪ್ಪಾ, ನಿಂದ್ರೂ ಮುಂದ ನೀ ಕಾಲ ಎತ್ತತಿ.”

“ಯಾರು, ನಾನಾ? ಹುಚ್ಚಿ ಇದ್ದೀ ಏನ? ನಮ್ಮ ಉಸ್ತಾದ ಮೊಣಕಾಲಿಗೆ ಬೆತ್ತ ಕೊಟ್ಟು ಕಲಿಸ್ಯಾನ, ನಿಂದ್ರೂಮಟ ಬಿಡಬ್ಯಾಡ ಅಂತ.”

ನಂಬಲಿಲ್ಲ. ಅದಕ್ಕೆ ಎಲೆ ಕಟ್ಟುವ ಬಾಳೆನಾರನ್ನು ಉದ್ದಕ್ಕೆ ಹೊಸೆದು ಒಂದು ತುದಿಯನ್ನು ಬ್ರೇಕಿನ ಪೆಡಲಿಗೆ ಕಟ್ಟಿದೆ. ಇನ್ನೊಂದು ತುದಿ ನನ್ನ ಬೆರಳಿಗೆ ಸುತ್ತಿಕೊಂಡು ಮುಂದೆ ಅವನ ಪಕ್ಕದಲ್ಲಿ ಕುಳಿತೆ. ಪೆಡಲ್ ಕೆಳಗೆ ಹೋದರೆ ನಾರು ಬೆರಳನ್ನು ಎಳೆಯುತ್ತದೆ, ಮೇಲೆ ಬಂದರೆ ಸಡಿಲಾಗುತ್ತದೆ. ಸವಣೂರಿನಿಂದ ಯಲವಿಗಿಯವರೆಗೆ ಏಳು ಸಲ ನಿಂತೆವು. ಏಳು ಸಲವೂ ನಿಲ್ಲುವ ಮುಂಚೆ ನಾರು ಸಡಿಲಾಯಿತು. ಹೇಳಿದರೆ, “ನೀನ ಬೆರಳ ಸಡ್ಲ ಬಿಡತಿ” ಎಂದ.

ಮರಳಿ ಬರುವಾಗ ನಾರನ್ನು ಅವನ ಎಡಗೈ ಬೆರಳಿಗೇ ಸುತ್ತಿದೆ. ಅದೇ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದ. ಮೊದಲ ಸಲ ಕುರಿಗಳು ಅಡ್ಡ ಬಂದವು. ನಿಂತೆವು. ಅಪ್ಪ ಬೆರಳು ನೋಡಿಕೊಂಡ. ಕುರಿಗಳು ದಾಟಿ ಹೋದವು, ಕುರುಬರೂ ಹೋದರು, ಅಪ್ಪ ಗಾಡಿ ಬಿಡಲಿಲ್ಲ. “ಅಲ್ಲಲೇ, ಇದನ್ಯಾರು ಕಲಿಸಿದ್ರು ನನಗ?” ಎಂದ. ನನ್ನನ್ನು ಕೇಳಿದ್ದಲ್ಲ.

ಅಣ್ಣನವರೆ, ಆರನೆಯ ಮಾತು ಹೀಗೆ ಬರೆದುಕೊಳ್ಳಿ. ಗಾಡಿ ಇನ್ನೇನು ನಿಲ್ಲುತ್ತದೆ ಎನ್ನುವಾಗ, ಐದು ಬೆರಳಿನ ಭಾರ ಇದ್ದರೆ ಹೆಬ್ಬೆರಳಿನದಷ್ಟೇ ಉಳಿಸಬೇಕು.

ಐದನೆಯ ಮಾತನ್ನು ಹೊಡೆದು ಹಾಕಿ. ಅಪ್ಪನಿಗೆ ನಾನು ಹೇಳುತ್ತೇನೆ.

ನಿಮ್ಮ ತಂಗಿ,
ಸಾವಂತ್ರವ್ವ

•

ಪುಣೆ
೨೨ ಜನವರಿ ೧೯೮೭

ನಾಗಪ್ಪನವರಿಗೆ,

ಈ ಪತ್ರವನ್ನು ಸಾವಂತ್ರವ್ವ ಗಟ್ಟಿಯಾಗಿ ಓದಲಿ.

ವ್ಯಾನು ಗೆದ್ದಿತು. ಹದಿನೈದನೆಯ ತಾರೀಖು ಡಾಕ್ಟರರು ತಾವೇ ಒಳಗೆ ಮಲಗಿಕೊಂಡರು. ನಿಂತ ಮೇಲೆ ಬಾಗಿಲು ತೆಗೆದರೆ, “ಯಾಕೆ ತೆಗೆದಿರಿ, ಏನಾಯಿತು?” ಎಂದು ಕೇಳಿದರು. ನನಗೆ ನಮ್ಮ ತಾಯಿಯ ಮಾತು ನೆನಪಾಯಿತು. ಗ್ಲಾಸಿನ ನೀರು ಗ್ಲಾಸಿನಲ್ಲಿಯೇ ಇತ್ತು.

ತಪ್ಪು ಎಲ್ಲಿತ್ತೆಂದರೆ, ಗಾಡಿ ನಿಧಾನವಾದಂತೆ ಮೋಟಾರಿನ ಹಿಡಿತ ತಾನಾಗಿಯೇ ಕಡಿಮೆಯಾಗುತ್ತದೆ. ಐದನೆಯ ಮಾತಿನಂತೆ ನಮ್ಮ ಯಂತ್ರ ಹಿಡಿತ ಬಿಡಬಾರದೆಂದು ಇನ್ನೊಂದು ಬ್ರೇಕನ್ನು ಕೊನೆಯವರೆಗೆ ಗಟ್ಟಿ ಮಾಡುತ್ತಿತ್ತು. ಈಗ ನಿಲ್ಲುವ ಎರಡು ಮೊಳ ಮೊದಲು ಸಡಿಲಿಸುತ್ತದೆ, ನಿಮ್ಮ ಕಾಲಿನ ಹಾಗೆ. ಎಷ್ಟು ಮೊದಲು, ಎಷ್ಟು ಸಡಿಲು ಎಂಬುದನ್ನೆಲ್ಲ ಅಳೆದಿದ್ದೇವೆ. ನಿಮ್ಮ ಕಾಲಿನ ಚಿತ್ರವೊಂದನ್ನು ಗೆರೆ ಎಳೆದು ಕಳಿಸಿದ್ದೇನೆ. ಗೆರೆ ಏರಿ, ಸಮವಾಗಿ ಹೋಗಿ, ಕೊನೆಗೆ ಇಳಿಯುವುದನ್ನು ನೋಡಿ. ಆ ಇಳಿತವೇ ನಿಮ್ಮ ವಿದ್ಯೆ. ಕಾರ್ಖಾನೆಯ ಕಾಗದದಲ್ಲಿ ಆರನೆಯ ಮಾತಿನ ಮುಂದೆ ಸಾವಂತ್ರವ್ವನ ಹೆಸರು ಬರೆದಿದ್ದೇನೆ.

ನಿಮ್ಮ ಋಣಿ,
ಜಯತೀರ್ಥ

•

ಸವಣೂರು
೧೬ ಫೆಬ್ರುವರಿ ೧೯೮೭

ಜಯತೀರ್ಥ ಅಣ್ಣನವರಿಗೆ,

ವ್ಯಾನು ಗೆದ್ದದ್ದು ನಮಗೆಲ್ಲ ಸಂತೋಷ. ಅವ್ವ ಸಕ್ಕರೆ ಹಂಚಿದಳು. ಅಪ್ಪ ನಿಮ್ಮ ಪತ್ರವನ್ನು ಮೂರು ಸಲ ಓದಿಸಿಕೊಂಡ. ಗೆರೆಯ ಚಿತ್ರವನ್ನು ಗಾಡಿಯಲ್ಲಿ ತನ್ನ ಮುಂದೆ ಅಂಟಿಸಿಕೊಂಡಿದ್ದಾನೆ.

ಅದರಿಂದ ಒಂದು ತೊಂದರೆಯಾಗಿದೆ. ಬರೆಯಬೇಕೋ ಬೇಡವೋ ಎಂದು ಎಂಟು ದಿನ ಬಿಟ್ಟೆ.

ಅಪ್ಪನಿಗೆ ಈಗ ಬ್ರೇಕು ಹಾಕಲು ಬರುತ್ತಿಲ್ಲ. ನಿಲ್ಲುವ ಹೊತ್ತಿಗೆ ಕಾಲನ್ನು ನೋಡಿಕೊಳ್ಳುತ್ತಾನೆ, ಚಿತ್ರವನ್ನು ನೋಡುತ್ತಾನೆ, ಎತ್ತಬೇಕು ಎಂದು ಎತ್ತುತ್ತಾನೆ. ಮೊದಲೇ ಎತ್ತಿದರೆ ಗಾಡಿ ಮುಂದೆ ಹೋಗುತ್ತದೆ, ಗಾಬರಿಯಾಗಿ ಮತ್ತೆ ಒತ್ತುತ್ತಾನೆ. ಎಲ್ಲ ಬುಟ್ಟಿಗಳೂ ನನ್ನ ಮೇಲೆ ಬರುತ್ತವೆ. ಸೋಮವಾರ ಹುಸೇನಸಾಬರು ಎಲ್ಲ ಬುಟ್ಟಿಗಳ ಬಾಯಿ ಬಿಚ್ಚಿಸಿದರು. “ಏನೋ ನಾಗಪ್ಪಾ, ಎಲಿ ತಂದೀಯೋ, ಚಟ್ನಿ ತಂದೀಯೋ?” ಎಂದರು. ನಗುತ್ತಲೇ ಅಂದರು. ಆದರೆ ಗುರುವಾರ ಎರಡು ತೋಟದವರು ತಮ್ಮ ಬುಟ್ಟಿಗಳನ್ನು ಬೇರೆ ಟೆಂಪೊದಲ್ಲಿ ಕಳಿಸಿದರು. ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. “ಮೂವತ್ತ ವರ್ಷ ಬಂದಿದ್ದು ಈಗ್ಯಾಕ ಬರವಲ್ದು?” ಎಂದ.

ನಾರು ಕಟ್ಟಿದವಳು ನಾನು. ಅವನಿಗೆ ಗೊತ್ತಿಲ್ಲದ್ದನ್ನು ಗೊತ್ತುಮಾಡಿಸಿದೆ. ನಿಮ್ಮದೇನೂ ತಪ್ಪಿಲ್ಲ.

ನೀವೊಂದು ಉಪಕಾರ ಮಾಡಬೇಕು. ಅಪ್ಪ ನಿಮ್ಮ ಪತ್ರದ ದಾರಿ ಕಾಯುತ್ತಿರುತ್ತಾನೆ. ಬಂದ ಮೇಲೆ ನಾಲ್ಕು ದಿನ ಅದರದೇ ಮಾತು. ಇನ್ನು ಮೇಲೆ ಅವನಿಗೆ ಬರೆಯುವಾಗ ಬ್ರೇಕಿನ ವಿಷಯ ಬರೆಯಬೇಡಿ. ಕಾಲಿನ ಮಾತೂ ಬೇಡ. ಅವನ ಲಕ್ಷ್ಯ ಕಾಲಿನ ಮೇಲಿಂದ ಸರಿಯುವಂಥ ಬೇರೆ ಏನಾದರೂ ಬರೆಯಿರಿ. ಗೆರೆಯ ಚಿತ್ರವನ್ನು ನಾನು ನಿನ್ನೆ ಗಾಡಿ ತೊಳೆಯುವಾಗ ನೀರು ಹಾಕಿ ಹಾಳು ಮಾಡಿದೆ. ಸಿಟ್ಟಾಗಬೇಡಿ.

ಬ್ರೇಕಿನ ವಿಷಯ ಬರೆಯಲೇಬೇಕೆಂದರೆ ನನ್ನ ಹೆಸರಿಗೆ ಬರೆಯಿರಿ. ಪೋಸ್ಟಿನವರಿಗೆ ಈಗ ಗುರುತಾಗಿದೆ.

ಸಾವಂತ್ರವ್ವ

•

ಪುಣೆ
೨ ಮಾರ್ಚ್ ೧೯೮೭
(ಕಾರ್ಡು)

ನಾಗಪ್ಪನವರಿಗೆ ನಮಸ್ಕಾರ. ಇಲ್ಲಿ ಬಿಸಿಲು ಈಗಲೇ ಜೋರಾಗಿದೆ. ತಾಯಿ ನನ್ನ ಹತ್ತಿರ ಬಂದಿದ್ದಾಳೆ, ಆರೋಗ್ಯವಾಗಿದ್ದಾಳೆ. ನಮ್ಮಿಬ್ಬರಲ್ಲಿ ಒಂದು ಜಗಳ ಹತ್ತಿದೆ. ನಾನು ಚಿಕ್ಕವನಿದ್ದಾಗ ಸವಣೂರಿನಿಂದ ಹಿರೇಕೆರೂರಿಗೆ ಹೋಗುತ್ತಿದ್ದ ಬಸ್ಸು ಶಿಗ್ಗಾಂವಿ, ಹಾನಗಲ್ಲ ಮೇಲೆ ಸುತ್ತಿ ಹೋಗುತ್ತಿತ್ತು ಎಂದು ನಾನು ಹೇಳುತ್ತೇನೆ. ಹಾಗೆ ಹೋಗುತ್ತಲೇ ಇರಲಿಲ್ಲ ಎಂದು ಅವಳ ವಾದ. ಆ ದಾರಿಗಳನ್ನೆಲ್ಲ ಬಲ್ಲವರು ನೀವು. ನೀವು ಹೇಳಿದ್ದೇ ಕೊನೆ. ದಯಮಾಡಿ ತಿಳಿಸಿರಿ. — ಜಯತೀರ್ಥ

•

ಸವಣೂರು
೨೩ ಮಾರ್ಚ್ ೧೯೮೭

ಜಯತೀರ್ಥ ಅಣ್ಣನವರಿಗೆ,

ನಿಮ್ಮ ಕಾರ್ಡು ಬಂದ ದಿನ ಅಪ್ಪ ಅದನ್ನು ಕಿಸೆಯಲ್ಲಿ ಇಟ್ಟುಕೊಂಡೇ ಗಾಡಿ ಹತ್ತಿದ. ನಾನು ಹಿಂದೆ ಬುಟ್ಟಿಗಳ ಮುಂದೆ ಕುಳಿತೆ. ಯಲವಿಗಿಯವರೆಗೂ ಕಿಂಡಿಯಿಂದ ಕೂಗಿ ಹೇಳುತ್ತಲೇ ಇದ್ದ. “ಶಿಗ್ಗಾಂವಿ ಮ್ಯಾಲ ಎಲ್ಲಿ ಹೊಕ್ಕಿತ್ತ ಅದು? ಆಗ ಆ ದಾರ್ಯಾಗ ಸೇತುವೆನ ಇದ್ದಿಲ್ಲ. ಬಾಯಾರು ಹೇಳೂದ ಖರೆ. ಹುಡುಗಗ ಏನ ಗೊತ್ತೈತಿ!” ಸ್ಟೇಶನ್ನಿನಲ್ಲಿ ಇಳಿಯದೆ ಹುಸೇನಸಾಬರನ್ನೂ ಕರೆದು ಕೇಳಿದ. ಅವರು, “ಹೋಗತಿತ್ತು ನೋಡೋ, ನಾನ ಅದರಾಗ ಹಾನಗಲ್ಲಕ್ಕ ಬೀಗರ ಮನಿಗೆ ಹೋಗೇನಿ” ಎಂದರು. “ನೀ ಹೋಗಿದ್ದು ಎತ್ತಿನ ಗಾಡ್ಯಾಗ ಹೋಗಿರಬೇಕು” ಎಂದ ಅಪ್ಪ. ಅರ್ಧ ತಾಸು ಜಗಳವಾಯಿತು. ಹಮಾಲರೂ ಸೇರಿಕೊಂಡರು.

ಜಗಳವಾಡುತ್ತಲೇ ಹುಸೇನಸಾಬರು ಎರಡು ಬುಟ್ಟಿಗಳ ಬಾಯಿ ಬಿಚ್ಚಿ ನೋಡಿದರು, ಮತ್ತೆ ಕಟ್ಟಿದರು. ಮೂರನೆಯದಕ್ಕೆ ಕೈ ಹಾಕಲಿಲ್ಲ.

ದಾರಿಯಲ್ಲಿ ಐದು ಸಲ ನಿಂತಿದ್ದೆವು. ಐದು ಸಲವೂ ಬುಟ್ಟಿ ಬಂದು ನನ್ನ ಎದೆಗೆ ಒರಗಿ, ತನ್ನ ಜಾಗಕ್ಕೆ ಹೋಯಿತು. ನಾನು ಅಪ್ಪನಿಗೆ ಏನೂ ಹೇಳಿಲ್ಲ.

ಬಸ್ಸಿನ ಬಗ್ಗೆ ಅಪ್ಪನ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಎರಡು ಪುಟ ಆಗಿದೆ. ನೀವು ಮರಳಿ ಬರೆಯುವಾಗ ಅವನ ಮಾತನ್ನು ಒಪ್ಪಿಕೊಳ್ಳಬೇಡಿ.

ನಿಮ್ಮ ತಂಗಿ,
ಸಾವಂತ್ರವ್ವ